ಮಗುವಿನ ದವಡೆ ಹಲ್ಲಿಗೆ ಸ್ಟೀಲ್ ಕ್ಯಾಪೋ, ಬಿಳಿ ಕ್ಯಾಪೋ?

ಹುಳುಕು ಹಿಡಿದರೂ ಹೇಗೂ ಬಿದ್ದುಹೋಗುವ ಹಾಲುಹಲ್ಲಿಗೆ ಕ್ಯಾಪ್ ಯಾಕೆ ಅನ್ನಿಸುತ್ತದೆ, ಅಲ್ವಾ? ಆದರೆ ಹಿಂದಿನ ದವಡೆ ಹಲ್ಲುಗಳು ಬೀಳುವುದು ಸುಮಾರು 10–12ನೇ ವಯಸ್ಸಿಗೆ. ಅಲ್ಲಿಯವರೆಗೆ ಮಗು ಅದರಲ್ಲೇ ಅಗಿಯಬೇಕು.

ಸ್ಟೀಲ್ ಕ್ಯಾಪ್ 1950ರ ಸುಮಾರಿನಿಂದ ಬಳಕೆಯಲ್ಲಿದೆ. ತೆಳ್ಳಗಿನ ತಗಡು. ಅಂಚನ್ನು ಇಕ್ಕಳದಲ್ಲಿ ಒಳಕ್ಕೆ ಬಾಗಿಸಿದರೆ ಹಲ್ಲಿನ ಬುಡಕ್ಕೆ ಟಕ್ ಅಂತ ಕೂರುತ್ತದೆ. ಹಲ್ಲನ್ನು ಜಾಸ್ತಿ ಉಜ್ಜಬೇಕಿಲ್ಲ. ಹುಳುಕು ನರದವರೆಗೆ ಹೋಗದೆ, ನೋವು, ಕೀವು ಇಲ್ಲದಿದ್ದರೆ ಹಾಲ್ ಟೆಕ್ನಿಕ್‌ನಲ್ಲಿ (ಹುಳುಕನ್ನು ಕೆರೆಯದೆ ಮೇಲೆ ಕ್ಯಾಪ್ ಮುಚ್ಚುವ ವಿಧಾನ) ಇಂಜೆಕ್ಷನ್, ಡ್ರಿಲ್ ಎರಡೂ ಇಲ್ಲದೆ ಕೂರಿಸಬಹುದು. ಆಗ ಕಚ್ಚಿದರೆ ಹಲ್ಲು ಎತ್ತರ ಅನ್ನಿಸುತ್ತದೆ. ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಸ್ಟೀಲ್‌ನಲ್ಲಿರುವ ನಿಕ್ಕಲ್‌ಗೆ ಅಲರ್ಜಿ ಇದ್ದರೆ ಮಾತ್ರ ಬೇಡ.

ಜಿರ್ಕೋನಿಯಾ (ಪಿಂಗಾಣಿಯಂಥ ಗಟ್ಟಿ ವಸ್ತು) ಕ್ಯಾಪ್ ಬಿಳಿ, ಥೇಟ್ ಹಲ್ಲಿನ ಹಾಗೇ. ಆದರೆ ಅದು ಬಾಗುವುದಿಲ್ಲ. ಕ್ಯಾಪಿಗೆ ತಕ್ಕಂತೆ ಹಲ್ಲನ್ನೇ ಸುತ್ತಲೂ ಉಜ್ಜಿ ಸಣ್ಣ ಮಾಡಬೇಕು. ಒಸಡಿನಿಂದ ರಕ್ತ ಜಿನುಗಿದರೆ ಸಿಮೆಂಟ್ ಸರಿಯಾಗಿ ಹಿಡಿಯುವುದಿಲ್ಲ. ಅಷ್ಟು ಹೊತ್ತು ಮಗು ಬಾಯಿ ತೆರೆದು ಸುಮ್ನೆ ಕೂರಬೇಕಲ್ಲ! ಖರ್ಚೂ ಜಾಸ್ತಿ.

ನಕ್ಕಾಗ ಕಾಣುವ ಮೊದಲ ದವಡೆ ಹಲ್ಲು, ಹಟ ಮಾಡದ ಮಗು ಅಂದರೆ ಬಿಳಿಯದು ಸರಿ. ತೀರಾ ಹಿಂದಿನದಕ್ಕೆ ನಾನಂತೂ ಸ್ಟೀಲೇ ಅನ್ನುತ್ತೇನೆ. ಹೊಳೆಯುತ್ತದೆ ಅನ್ನುವ ಚಿಂತೆ ನಮಗೆ. ಎಷ್ಟೋ ಮಕ್ಕಳು ಅದನ್ನೇ ಗೆಳೆಯರಿಗೆ ತೋರಿಸಿ ಮೆರೆಯುತ್ತಾರೆ.