ಕ್ಯಾಲ್ಸಿಯಂ ಸ್ಕೋರ್: ಸ್ಕ್ಯಾನ್‌ಗೆ ಪೂರ್ತಿ ಅಂಕ, ರಿಪೋರ್ಟ್‌ಗೆ ಅರ್ಧ

ಅಪ್ಪನಿಗೆ 51ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು. ನನಗೀಗ 54. ಎದೆನೋವು, ಸುಸ್ತು ಏನೂ ಇಲ್ಲ, ಕೊಲೆಸ್ಟ್ರಾಲ್ ಮಾತ್ರ ಸ್ವಲ್ಪ ಜಾಸ್ತಿ. ಮಾತ್ರೆ ಬೇಕೋ ಬೇಡವೋ ತೀರ್ಮಾನಿಸಲು ಡಾಕ್ಟರು ಕ್ಯಾಲ್ಸಿಯಂ ಸ್ಕೋರ್ ಸ್ಕ್ಯಾನ್ ಬರೆದುಕೊಟ್ಟರು. ಹೃದಯದ ರಕ್ತನಾಳಗಳಲ್ಲಿ ಕ್ಯಾಲ್ಸಿಯಂ ಎಷ್ಟು ಕೂತಿದೆ ಅಂತ ಅಳೆಯುವ ಸಿಟಿ ಸ್ಕ್ಯಾನ್ ಇದು.

ಸ್ಕ್ಯಾನ್ ಮಾಡಿದ ರೀತಿ ತುಂಬಾ ಇಷ್ಟವಾಯಿತು. ಸೂಜಿ ಇಲ್ಲ, ಡೈ ಇಲ್ಲ. ಇಸಿಜಿ ಸ್ಟಿಕ್ಕರ್ ತಣ್ಣಗಿದೆ ಅಂತ ಟೆಕ್ನೀಶಿಯನ್ ಹುಡುಗಿ ಅದನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಅಂಟಿಸಿದಳು. "ಮೇಡಂ, ಉಸಿರು ಎಳ್ಕೊಂಡು ಹಾಗೇ ಹಿಡ್ಕೊಳ್ಳಿ" ಎಂದು ಎರಡು ಸಲ ಅಭ್ಯಾಸ ಮಾಡಿಸಿದಳು. ಹೃದಯದ ಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯಬೇಕು, ಅಲುಗಾಡಿದರೆ ಕೆಡುತ್ತದೆ. ಹೆದರಿಕೊಂಡು ಹೋದವಳಿಗೆ ಆ ತಾಳ್ಮೆ ದೊಡ್ಡ ಸಮಾಧಾನ.

ರಿಪೋರ್ಟ್ ಕೈಗೆ ಬಂದಾಗ ಎದೆ ಧಸಕ್ಕೆಂದಿತು. ಒಟ್ಟು 212. ಎಲ್‌ಎಡಿ (ಎಡ ನಾಳದ ಮುಂಭಾಗದ ಕವಲು) 148, ಬಲಗಡೆ ನಾಳ 51, ಸರ್ಕಮ್‌ಫ್ಲೆಕ್ಸ್ (ಎಡ ನಾಳದ ಇನ್ನೊಂದು ಕವಲು) 13, ಎಡ ಮುಖ್ಯ ನಾಳ 0. ಇಷ್ಟೇ, ಒಂದು ಸಾಲು ವಿವರಣೆಯಿಲ್ಲ. ಕೌಂಟರ್‌ನಲ್ಲಿ ಕೇಳಿದೆ. "ಬ್ಲಾಕ್ ಇದೆ ಮೇಡಂ, ಬೇಗ ತೋರಿಸಿ" ಅಂದುಬಿಟ್ಟರು. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮರುದಿನ ಡಾಕ್ಟರು ಹೇಳಿದ ಮೊದಲ ಮಾತೇ "ಇದು ಬ್ಲಾಕ್‌ನ ಪರ್ಸೆಂಟ್ ಅಲ್ಲಮ್ಮ". ಚಿತ್ರ ತೋರಿಸಿದರು. ಬೂದು ಹೃದಯದ ಮೇಲೆ ಸೀಮೆಸುಣ್ಣದ ಪುಡಿ ಉದುರಿದ ಹಾಗೆ ಬಿಳಿ ಚುಕ್ಕೆಗಳು. ಆ ಚುಕ್ಕೆಗಳ ಅಗಲ, ಬಿಳುಪು ಎರಡನ್ನೂ ಲೆಕ್ಕ ಹಾಕಿ ಕೂಡಿಸಿದ್ದೇ ಸ್ಕೋರ್. ಆಗಾಟ್‌ಸ್ಟನ್ ಎಂಬ ಹೃದಯದ ಡಾಕ್ಟರು ಮತ್ತು ಜೊತೆಗಾರರು 1990ರಲ್ಲಿ ಪ್ರಕಟಿಸಿದ ವಿಧಾನ ಇದು.

ನಲ್ಲಿ ಪೈಪಿನೊಳಗೆ ಉಪ್ಪು ಕಟ್ಟುತ್ತದಲ್ಲ, ಹಾಗೆ ಅಂದುಕೊಂಡಿದ್ದೆ. ಹಾಗಲ್ಲ. ಕ್ಯಾಲ್ಸಿಯಂ ಕೂರೋದು ನಾಳದ ಗೋಡೆಯೊಳಗೆ. ಗೋಡೆಯಲ್ಲಿ ಕೊಬ್ಬು ಸೇರಿದಂತೆ ನಾಳ ಹೊರಗಡೆಗೆ ಉಬ್ಬಿಕೊಂಡು ಎಷ್ಟೋ ಕಾಲ ರಕ್ತಕ್ಕೆ ದಾರಿ ಬಿಡುತ್ತದೆ. ಹಾಗಾಗಿ ಸ್ಕೋರ್ ಜಾಸ್ತಿ ಇದ್ದರೂ ದಾರಿ ಸರಾಗವಾಗಿಯೇ ಇರಬಹುದು. ಆದರೆ ಕ್ಯಾಲ್ಸಿಯಂ ಹೆಚ್ಚಿದಷ್ಟೂ ಎಲ್ಲೋ ಒಂದು ಕಡೆ ನಾಳ ಕಿರಿದಾಗಿರುವ ಸಾಧ್ಯತೆ ಹೆಚ್ಚು, ಮುಂದೆ ಅಟ್ಯಾಕ್ ಆಗುವ ಅಪಾಯವೂ ಹೆಚ್ಚು. ಎಲ್ಲಿ, ಎಷ್ಟು ಕಿರಿದಾಗಿದೆ ಅಂತ ನೋಡಲು ಡೈ ಕೊಟ್ಟು ಮಾಡುವ ಸಿಟಿ ಆಂಜಿಯೋ ಬೇರೆಯೇ ಇದೆ. ಇನ್ನೊಂದು ಮಾತು: ಮೆತ್ತನೆಯ ಕೊಬ್ಬು ಈ ಸ್ಕ್ಯಾನ್‌ಗೆ ಕಾಣೋದಿಲ್ಲ. ಸೊನ್ನೆ ಬಂದಿದೆ ಅಂತ ಎದೆನೋವು ಇಟ್ಟುಕೊಂಡು ಸುಮ್ನೆ ಕೂರಬೇಡಿ.

ನನಗೆ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ, ಸ್ಟ್ಯಾಟಿನ್, ಶುರುವಾಗಿದೆ. ಆ ಮಾತ್ರೆ ಕೊಬ್ಬಿನ ಗಂಟನ್ನು ಗಟ್ಟಿ ಮಾಡುವುದರಿಂದ ಸ್ಕೋರ್ ಏರಲೂಬಹುದಂತೆ, ಪದೇ ಪದೇ ಸ್ಕ್ಯಾನ್ ಬೇಡ ಎಂದರು.

ಸೆಂಟರ್‌ನವರಿಗೆ ಬರೆದು ಕೊಟ್ಟು ಬಂದಿದ್ದೇನೆ: ಅಂಕಿಯ ಕೆಳಗೆ "ಇದು ಬ್ಲಾಕ್‌ನ ಶೇಕಡಾವಾರು ಅಲ್ಲ" ಅಂತ ಒಂದೇ ಸಾಲು ಹಾಕಿ. ತಮ್ಮನನ್ನೂ ಅಲ್ಲಿಗೇ ಕಳಿಸುತ್ತೇನೆ. ಆದರೆ ಕೌಂಟರ್‌ನಲ್ಲಿ ಏನೂ ಕೇಳದೆ ರಿಪೋರ್ಟ್ ನೇರ ಡಾಕ್ಟರ ಹತ್ತಿರ ತಗೊಂಡು ಹೋಗು ಅಂತ ಹೇಳಿದ್ದೇನೆ.