ಆಟೊ, ಆ್ಯಪ್ ಕ್ಯಾಬ್, ಟ್ರಾವೆಲ್ಸ್ ಕಾರು: ಬೆಂಗಳೂರಿನಲ್ಲಿ ಯಾವುದು ಯಾವಾಗ?

ಬೆಂಗಳೂರಿನ ಬೀದಿಯಲ್ಲಿ ಕೈ ಅಡ್ಡ ಹಾಕಿದರೆ ನಿಲ್ಲುವುದು ಆಟೊ ಮಾತ್ರ. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಯಂಥದ್ದು ಇಲ್ಲಿ ಬೇರೂರಲೇ ಇಲ್ಲ. ಕಾರು ಬೇಕೆಂದರೆ ಬಡಾವಣೆಯ ಟ್ರಾವೆಲ್ಸ್‌ನವರಿಗೆ ಫೋನ್ ಮಾಡಬೇಕು, ಇಲ್ಲವೇ ಆ್ಯಪ್ ತೆಗೆಯಬೇಕು. ಮೂರನ್ನೂ ವರ್ಷಗಟ್ಟಲೆ ಬಳಸಿದ ಮೇಲೆ ಅನ್ನಿಸಿದ್ದಿಷ್ಟು: ಯಾವ ಆ್ಯಪ್ ಅಗ್ಗ ಎಂಬುದು ದಿನಕ್ಕೊಂದು ಥರ, ಅದರ ಹಿಂದೆ ಬೀಳುವುದು ದಂಡ. ನಿಮ್ಮನ್ನು ಇಳಿಸಿದ ಮೇಲೆ ಚಾಲಕ ಖಾಲಿ ವಾಪಸ್ ಬರಬೇಕಾ, ಅಲ್ಲೇ ಇನ್ನೊಂದು ಬಾಡಿಗೆ ಸಿಗುತ್ತದಾ ಎಂದು ನೋಡಿ. ಗಾಡಿ ಸಿಗುವುದು, ಸಿಗದಿರುವುದು, ‘ಮೀಟರ್ ಮೇಲೆ ಐವತ್ತು ಕೊಡಿ ಸಾರ್’ ಎನ್ನುವುದು, ಒಪ್ಪಿಕೊಂಡ ಮೇಲೆ ಕ್ಯಾನ್ಸಲ್ ಮಾಡುವುದು, ಬಹುಪಾಲು ಎಲ್ಲದರ ಬೇರು ಅಲ್ಲಿದೆ.

ಮೊದಲು ಸರ್ಕಾರಿ ದರ ಬಾಯಿಗೆ ಬರಬೇಕು. ಅದು ಗೊತ್ತಿಲ್ಲದೆ ಆ್ಯಪ್ ತೋರಿಸಿದ ಮೊತ್ತ ಹೆಚ್ಚೋ ಕಡಿಮೆಯೋ ಹೇಳಲು ಬರುವುದಿಲ್ಲ. ಬೆಂಗಳೂರಿನ ಆಟೊ ದರ ಕಳೆದ ಬಾರಿ ಏರಿದ್ದು 2025ರ ಆಗಸ್ಟ್ 1ರಿಂದ: ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18. ಅಂದರೆ ಕನಿಷ್ಠ ದರ ದಾಟಿದ ಮೇಲೆ ಕಿ.ಮೀ.ಯನ್ನು 18ರಿಂದ ಗುಣಿಸಿದರೆ ಮುಗಿಯಿತು. 7 ಕಿ.ಮೀ.ಗೆ 126, 10ಕ್ಕೆ 180. ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಂದೂವರೆ ಪಟ್ಟು. ಕಾಯುವುದಕ್ಕೆ ಮೊದಲ 5 ನಿಮಿಷ ಉಚಿತ, ನಂತರ ಪ್ರತಿ 15 ನಿಮಿಷಕ್ಕೆ 10 ರೂಪಾಯಿ. 20 ಕೆ.ಜಿ.ವರೆಗೆ ಸಾಮಾನಿಗೆ ದುಡ್ಡಿಲ್ಲ.

ಕಾರಿನ ದರವನ್ನು ರಾಜ್ಯ ಸರ್ಕಾರ 2024ರ ಆರಂಭದಲ್ಲಿ ಆ್ಯಪ್ ಕ್ಯಾಬ್, ಸಿಟಿ ಟ್ಯಾಕ್ಸಿ ಎರಡಕ್ಕೂ ಒಂದೇ ಮಾಡಿತು. ಗಾಡಿಯ ಬೆಲೆಯ ಮೇಲೆ ಮೂರು ವರ್ಗ. 10 ಲಕ್ಷದೊಳಗಿನ ಗಾಡಿಗೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ನಂತರ ಕಿ.ಮೀ.ಗೆ 24. 10ರಿಂದ 15 ಲಕ್ಷದ ಗಾಡಿಗೆ 115 ಮತ್ತು 28. ಅದಕ್ಕೂ ಮೇಲಿನದಕ್ಕೆ 130 ಮತ್ತು 32. ಮನಸ್ಸಿನಲ್ಲೇ ಲೆಕ್ಕ ಹಾಕಲು, ಚಿಕ್ಕ ಕಾರಿಗೆ ಕಿ.ಮೀ.ಯನ್ನು 24ರಿಂದ ಗುಣಿಸಿ 4 ಕೂಡಿಸಿ. 10 ಕಿ.ಮೀ.ಗೆ 244. ಇದರ ಮೇಲೆ 5% ಜಿಎಸ್‌ಟಿ, ಟೋಲ್ ಇದ್ದರೆ ಟೋಲ್. ಮಧ್ಯರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ 10% ಹೆಚ್ಚು. ಕಾಯುವುದಕ್ಕೆ 5 ನಿಮಿಷದ ನಂತರ ನಿಮಿಷಕ್ಕೆ 1 ರೂಪಾಯಿ.

ಇಲ್ಲೊಂದು ಸೂಕ್ಷ್ಮ ಇದೆ. ಹಗಲಲ್ಲಿ 10 ಕಿ.ಮೀ.ಗೆ ಆಟೊ 180, ಕಾರು ತೆರಿಗೆ ಸೇರಿ ಸುಮಾರು 256. ಅದೇ ದೂರ ರಾತ್ರಿ 11ಕ್ಕೆ ಹೋದರೆ ಆಟೊ 270 ಆಗುತ್ತದೆ, ಕಾರಿಗೆ ಇನ್ನೂ ಹಗಲಿನದೇ ದರ. ಅಂದರೆ ರಾತ್ರಿ 10ರಿಂದ 12ರ ನಡುವೆ, ಸರ್ಕಾರಿ ದರದ ಲೆಕ್ಕದಲ್ಲಿ, ಈ ದೂರಕ್ಕೆ ಕಾರೇ ಅಗ್ಗ. ಆ ಹೊತ್ತಿನಲ್ಲಿ ಆಟೊದವರು ‘ಡಬಲ್ ಮೀಟರ್’ ಕೇಳಿದರೆ 360 ಆಯಿತು. ಚೌಕಾಸಿ ಮಾಡುತ್ತಾ ನಿಲ್ಲುವ ಬದಲು ಕಾರಿನ ರೇಟು ನೋಡಿ.

ಹಾಗಾದರೆ ಈ ದರಕ್ಕೆ ಗಾಡಿ ಸಿಗುತ್ತದೆಯೇ? ಆಫೀಸ್ ಬಿಡುವ ಹೊತ್ತಿಗೆ, ಮಳೆಯಲ್ಲಿ, ಬಹಳ ಸಲ ಇಲ್ಲ. 2024ರ ಆದೇಶ ನಿಗದಿತ ದರಕ್ಕಿಂತ ಹೆಚ್ಚು ಪಡೆಯಬಾರದು ಎನ್ನುತ್ತದೆ. ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿ ಬೇಡಿಕೆ ಏರಿದಾಗ ಮೂಲ ದರದ ಎರಡು ಪಟ್ಟಿನವರೆಗೆ ಹೋಗಬಹುದು ಎನ್ನುತ್ತದೆ. ಇವೆರಡರ ನಡುವೆ ಸಂಜೆ 6 ಗಂಟೆಗೆ ಫೋನ್ ಪರದೆ ತೋರಿಸುವುದು ಅದರದೇ ಲೆಕ್ಕ.

ಬೈದು ಸುಮ್ಮನಾಗುವ ಮುಂಚೆ ಚಾಲಕನ ಕಡೆಯಿಂದಲೂ ಒಮ್ಮೆ ಲೆಕ್ಕ ಹಾಕಿ. ಟಾಮ್‌ಟಾಮ್ ಎಂಬ ಸಂಚಾರ ದಟ್ಟಣೆ ಅಳೆಯುವ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ ಹಿಡಿಯುತ್ತಿತ್ತು. ಸಿಲ್ಕ್ ಬೋರ್ಡ್, ಹೆಬ್ಬಾಳ, ಮಾರತ್ತಹಳ್ಳಿ ಕಡೆ ಸಂಜೆ ಇದು ಸುಲಭವಾಗಿ ಗಂಟೆ ಮುಟ್ಟುತ್ತದೆ. ಆಟೊ ಮೀಟರ್ ಓಡುವುದು ದೂರದ ಮೇಲೆ. ಕಾಲು ಗಂಟೆ ನಿಂತಲ್ಲೇ ನಿಂತರೆ ಅವನಿಗೆ ಸಿಗುವುದು 10 ರೂಪಾಯಿ. ವೈಟ್‌ಫೀಲ್ಡ್ ಕಡೆಯಿಂದ ಬನಶಂಕರಿಗೆ ಸಂಜೆ ಬರಲು ಒಪ್ಪದವನೇ ಇಂದಿರಾನಗರದಿಂದ ಎಂ.ಜಿ. ರೋಡಿಗೆ ತಕ್ಷಣ ಬರುತ್ತಾನೆ, ಏಕೆಂದರೆ ಇಳಿಸಿದಲ್ಲೇ ಮುಂದಿನ ಬಾಡಿಗೆ ಕಾಯುತ್ತಿರುತ್ತದೆ. ಇದು ಗೊತ್ತಿದ್ದರೆ ದಾರಿಯನ್ನು ತುಂಡು ಮಾಡಬಹುದು: ಉದ್ದದ ಭಾಗಕ್ಕೆ ಮೆಟ್ರೊ, ಕೊನೆಯ ಎರಡು ಮೂರು ಕಿ.ಮೀ.ಗೆ ಆಟೊ. 2023ರ ಅಕ್ಟೋಬರ್‌ನಲ್ಲಿ ಮೆಟ್ರೊದ ನೇರಳೆ ಮಾರ್ಗ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಪೂರ್ತಿಯಾದ ಮೇಲೆ, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ, ಪೀಕ್ ಅವರ್‌ನಲ್ಲಿ ಆ ದಾರಿಗಳಲ್ಲಿ ಪೂರಾ ದೂರಕ್ಕೆ ಕ್ಯಾಬ್ ಹಿಡಿಯುವುದು ನನ್ನ ಪ್ರಕಾರ ದುಡ್ಡೂ ದಂಡ, ಹೊತ್ತೂ ದಂಡ.

ಕಮಿಷನ್ ಲೆಕ್ಕವೂ ಈಗ ಬದಲಾಗಿದೆ. 2022ರ ನವೆಂಬರ್‌ನಲ್ಲಿ ಆಟೊ ಚಾಲಕರ ಸಂಘದ ಜೊತೆಗೂಡಿ ‘ನಮ್ಮ ಯಾತ್ರಿ’ ಆ್ಯಪ್ ಶುರುವಾಯಿತು. ಪ್ರತಿ ಬಾಡಿಗೆಯಲ್ಲಿ ಪಾಲು ಮುರಿದುಕೊಳ್ಳುವ ಬದಲು ಚಾಲಕನಿಂದ ದಿನಕ್ಕೆ 25 ರೂಪಾಯಿ ಚಂದಾ ಎಂಬ ದಾರಿ ಹಿಡಿಯಿತು. ಆಮೇಲೆ ರ‍್ಯಾಪಿಡೊ, ಓಲಾ, ಊಬರ್ ಆಟೊ ಎಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ಚಂದಾ ಕಡೆಗೇ ವಾಲಿದವು. ಚಾಲಕರಿಗೆ ಇದು ಒಳ್ಳೆಯದು, ಅನುಮಾನವಿಲ್ಲ. ಪ್ರಯಾಣಿಕರಿಗೆ ಆದ ಬದಲಾವಣೆ ಎಂದರೆ ದುಡ್ಡು ನೇರ ಚಾಲಕನ ಕೈಗೆ ಅಥವಾ ಅವನ ಯುಪಿಐಗೆ ಹೋಗುತ್ತದೆ. ಕೊನೆಯಲ್ಲಿ ಜಗಳವಾದರೆ ಆ್ಯಪ್ ‘ನಾವು ಜೋಡಿಸಿ ಕೊಟ್ಟವರು ಅಷ್ಟೇ’ ಎಂದು ಕೈ ತೊಳೆಯುವುದು ಸುಲಭವಾಗಿದೆ. ಹಾಗಾಗಿ ಹತ್ತುವಾಗಲೇ ಪರದೆಯ ಮೊತ್ತ ಬಾಯಿ ಬಿಟ್ಟು ಹೇಳಿ: ‘ನೂರಾ ನಲವತ್ತು ಅಂತ ತೋರಿಸ್ತಿದೆ ಅಣ್ಣ, ಅಷ್ಟೇ ಅಲ್ವಾ?’ ಇಳಿಯುವಾಗಿನ ವಾದದಲ್ಲಿ ಅರ್ಧ ಇಲ್ಲೇ ತಪ್ಪುತ್ತದೆ.

ಗಾಡಿ ಬರುವ ಮುಂಚೆಯೇ ಟಿಪ್ಸ್ ಸೇರಿಸಿ ಎನ್ನುವ ಬಟನ್ ಬಗ್ಗೆ: 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿ ಅದನ್ನು ಅನೈತಿಕ ಎಂದರು, ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ನೋಟಿಸೂ ಹೋಯಿತು. ಬಳಕೆಯ ದೃಷ್ಟಿಯಿಂದ ಅದು ಟಿಪ್ಸ್ ಅಲ್ಲ, ಹರಾಜು. ಚಾಲಕನಿಗೆ ವಾಪಸ್ ಬಾಡಿಗೆ ಸಿಗದ ಜಾಗಕ್ಕೆ ಹೋಗುವುದಿದ್ದರೆ 20-30 ಸೇರಿಸುವುದರಲ್ಲಿ ಅರ್ಥ ಇದೆ. ಊರ ನಡುವೆ ಮೂರು ಕಿ.ಮೀ.ಗೆ ಸೇರಿಸಬೇಡಿ, ಎರಡು ನಿಮಿಷ ಕಾದರೆ ಇನ್ನೊಂದು ಗಾಡಿ ಬರುತ್ತದೆ.

ಕ್ಯಾನ್ಸಲ್ ಆಗುವ ಸೂಚನೆಗಳನ್ನು ಓದಲು ಕಲಿಯಬೇಕು. ಬುಕ್ ಆದ ತಕ್ಷಣ ಫೋನ್ ಬಂದು ‘ಎಲ್ಲಿಗೆ? ಕ್ಯಾಶಾ, ಆನ್‌ಲೈನಾ?’ ಎಂದರೆ ಅವನಿನ್ನೂ ತೀರ್ಮಾನಿಸಿಲ್ಲ ಎಂದರ್ಥ. ಮ್ಯಾಪ್‌ನಲ್ಲಿ ಗಾಡಿ ನಾಲ್ಕು ನಿಮಿಷ ಅಲುಗದಿದ್ದರೆ ಹಿಂದಿನ ಬಾಡಿಗೆ ಮುಗಿಸುತ್ತಿರಬಹುದು, ಸಿಎನ್‌ಜಿ ಬಂಕ್‌ನ ಸಾಲಿನಲ್ಲಿರಬಹುದು, ಅಥವಾ ನೀವೇ ಕ್ಯಾನ್ಸಲ್ ಮಾಡಲಿ ಎಂದು ಕಾಯುತ್ತಿರಬಹುದು. ‘ನೀವೇ ಕ್ಯಾನ್ಸಲ್ ಮಾಡ್ಬಿಡಿ ಸಾರ್’ ಎಂದರೆ ಮಾಡುವುದಾದರೂ ಕಾರಣದ ಪಟ್ಟಿಯಲ್ಲಿ ಚಾಲಕ ಹೇಳಿದ್ದು ಎಂಬುದನ್ನೇ ಒತ್ತಿ. ಬೇರೆ ಕಾರಣ ಒತ್ತಿದರೆ ದಂಡ ಮುಂದಿನ ಬಿಲ್ಲಿಗೆ ಸೇರಿಕೊಂಡು ಬರುತ್ತದೆ. ಆಗಲೂ ಆ ಟ್ರಿಪ್ ತೆರೆದು ಸಹಾಯ ವಿಭಾಗದಲ್ಲಿ ದೂರು ಹಾಕಿದರೆ ಸಾಮಾನ್ಯವಾಗಿ ವಾಪಸ್ ಮಾಡುತ್ತಾರೆ.

ಎಲ್ಲಿ ಹತ್ತುತ್ತೀರಿ ಎಂದು ಮ್ಯಾಪ್‌ನಲ್ಲಿ ಪಿನ್ ಹಾಕುವುದರಲ್ಲಿ ಆಗುವ ತಪ್ಪು ದುಬಾರಿ. ಔಟರ್ ರಿಂಗ್ ರೋಡಿನಲ್ಲಿ ಪಿನ್ ಆಚೆ ಬದಿಗೆ ಬಿದ್ದರೆ ಗಾಡಿ ಮುಂದಿನ ಯು-ಟರ್ನ್ ಸುತ್ತಿ ಬರಬೇಕು; ಮೇನ್ ರೋಡಿಗೂ ಸರ್ವೀಸ್ ರೋಡಿಗೂ ನಡುವೆ ಬೇಲಿ ಇದ್ದರೆ ಕಣ್ಣೆದುರೇ ದಾಟಿ ಹೋಗುತ್ತದೆ. ಫ್ಲೈಓವರ್ ಪಕ್ಕ ನಿಂತರೆ ಮ್ಯಾಪ್‌ಗೆ ಮೇಲೆ ಕೆಳಗೆ ತಿಳಿಯುವುದಿಲ್ಲ. ರೆಸಿಡೆನ್ಸಿ ರಸ್ತೆ, ಬ್ರಿಗೇಡ್ ರಸ್ತೆಗಳಂಥ ಒನ್‌ವೇಗಳಲ್ಲಿ ನಿಂತಲ್ಲಿಗೇ ಕರೆಸುವುದಕ್ಕಿಂತ ಗಾಡಿ ಬರುವ ದಿಕ್ಕಿನ ತಿರುವಿಗೆ ನೂರು ಹೆಜ್ಜೆ ನಡೆದು ಬುಕ್ ಮಾಡಿ. ಅಪಾರ್ಟ್‌ಮೆಂಟ್‌ಗೆ ಎರಡು ಗೇಟಿದ್ದರೆ ಪಿನ್ ಗೇಟಿನ ಮೇಲೇ ಕೂರಬೇಕು, ಕಟ್ಟಡದ ನಡುವೆ ಅಲ್ಲ.

ವಿಮಾನ ನಿಲ್ದಾಣದ ವಿಷಯವೇ ಬೇರೆ. ಮೆಜೆಸ್ಟಿಕ್‌ನಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಸುಮಾರು 35 ಕಿ.ಮೀ. ಚಿಕ್ಕ ಕಾರಿಗೆ 844, ತೆರಿಗೆ ಸೇರಿ 886, ಜೊತೆಗೆ ಸಾದಹಳ್ಳಿ ಟೋಲ್ ಬಿದ್ದರೆ ಅದು. ಜೆ.ಪಿ. ನಗರದ ಕಡೆಯಿಂದ 45 ಕಿ.ಮೀ. ಹಿಡಿದರೆ ತೆರಿಗೆ ಸೇರಿ 1,138. ಇದಕ್ಕಿಂತ ಬಹಳ ಕಡಿಮೆ ತೋರಿಸಿದರೆ ಗಾಡಿ ಬರುವುದೇ ಅನುಮಾನ ಎಂದುಕೊಳ್ಳಿ. ಟೋಲ್ ಆ್ಯಪ್ ಬಿಲ್ಲಿನಲ್ಲಿ ಸೇರಿದೆಯೇ ಎಂದು ನೋಡದೆ ಚಾಲಕನ ಕೈಗೆ ಇನ್ನೊಮ್ಮೆ ಕೊಡಬೇಡಿ.

ಬೆಳಗಿನ ಜಾವ 3-4 ಗಂಟೆಗೆ ಹೊರಡುವುದಿದ್ದರೆ ಆ್ಯಪ್‌ನ ಮುಂಗಡ ಬುಕಿಂಗ್ ಒಂದನ್ನೇ ನಂಬಬಾರದು. ಬಹಳ ಕಡೆ ಅದು ಹಿಂದಿನ ರಾತ್ರಿ ಗಾಡಿ ಗೊತ್ತು ಮಾಡುವುದಿಲ್ಲ, ಹೊರಡುವ ಸ್ವಲ್ಪ ಹೊತ್ತಿನ ಮುಂಚೆ ನಿಮ್ಮ ಪರವಾಗಿ ಹುಡುಕಲು ಶುರು ಮಾಡುತ್ತದೆ, ಅಷ್ಟೇ. ಈ ಹೊತ್ತಿಗೆ ಬಡಾವಣೆಯ ಟ್ರಾವೆಲ್ಸ್‌ನವರು ನೂರಿನ್ನೂರು ಹೆಚ್ಚು ಕೇಳಿದರೂ ಕೊಡಿ. ಹಿಂದಿನ ರಾತ್ರಿಯೇ ಗಾಡಿ ನಂಬರ್, ಚಾಲಕರ ಫೋನ್ ನಂಬರ್ ಕೈಯಲ್ಲಿರುತ್ತದೆ. ಒಬ್ಬರೇ ಆದರೆ ಬಿಎಂಟಿಸಿಯ ವಿಮಾನ ನಿಲ್ದಾಣದ ಬಸ್ ‘ವಾಯು ವಜ್ರ’ ನೋಡಿ, ಮೆಜೆಸ್ಟಿಕ್‌ನದು ಕೆಐಎ-9.

ಅಲ್ಲಿಂದ ಊರಿಗೆ ಬರುವಾಗ ತೊಂದರೆ ತಿರುವುಮುರುವು. ಚಾಲಕರು ಅಲ್ಲಿನ ಪಾರ್ಕಿಂಗ್‌ನಲ್ಲಿ ಗಂಟೆಗಟ್ಟಲೆ ಸರದಿ ಕಾದಿರುತ್ತಾರೆ, ಹಾಗಾಗಿ ಯಲಹಂಕ, ಬಾಗಲೂರಿನಂಥ ಹತ್ತಿರದ ಬಾಡಿಗೆ ಬಂದರೆ ಮುಖ ಸಪ್ಪೆ, ಒಂದರ ಮೇಲೊಂದು ಕ್ಯಾನ್ಸಲ್. ಹೆಬ್ಬಾಳದ ಸುತ್ತಮುತ್ತಲಿನವರು ವಾಯು ವಜ್ರದಲ್ಲಿ ಹೆಬ್ಬಾಳಕ್ಕೆ ಬಂದು ಆಟೊ ಹಿಡಿದರೆ ಬೇಗ ಮನೆ ಸೇರುತ್ತಾರೆ. ನಡುರಾತ್ರಿ ಒಟ್ಟಿಗೆ ಹಲವು ವಿಮಾನ ಇಳಿದು ಆ್ಯಪ್ ದರ ಗಗನಕ್ಕೇರಿದ್ದರೆ ಕೆಎಸ್‌ಟಿಡಿಸಿ (ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ) ಟ್ಯಾಕ್ಸಿಯ ಸಾಲಿಗೆ ನಡೆಯಿರಿ: ಮೀಟರ್ ಮೇಲೆ ಓಡುತ್ತದೆ, ಬೇಡಿಕೆ ನೋಡಿ ದರ ಬದಲಾಗುವುದಿಲ್ಲ. ಹೆಂಗಸರೇ ಓಡಿಸುವ ಪಿಂಕ್ ಟ್ಯಾಕ್ಸಿಗಳನ್ನೂ ಅದೇ ನಿಗಮ 2019ರಲ್ಲಿ ಇಲ್ಲಿ ತಂದಿತು.

ಸಾಮಾನು ಇದ್ದರೆ ಗಾಡಿಯ ಇಂಧನ ಯಾವುದೆಂದು ಕೇಳುವುದು ವಿಚಿತ್ರ ಅನಿಸಬಹುದು, ಆದರೆ ಕೇಳಿ. ಬೆಂಗಳೂರಿನ ಕ್ಯಾಬ್‌ಗಳಲ್ಲಿ ಬಹಳಷ್ಟು ಸಿಎನ್‌ಜಿ, ಸಿಲಿಂಡರ್ ಕೂರುವುದು ಡಿಕ್ಕಿಯಲ್ಲಿ. ಡಿಜೈರ್‌ನಂಥ ಸೆಡಾನ್ ಬುಕ್ ಮಾಡಿದರೂ ಎರಡು ದೊಡ್ಡ ಸೂಟ್‌ಕೇಸ್ ಒಳಗೆ ಹೋಗುವುದಿಲ್ಲ; ಒಂದು ಹಿಂದಿನ ಸೀಟಿಗೆ ಬರುತ್ತದೆ, ಆಗ ಕೂರಲು ಇಬ್ಬರಿಗಷ್ಟೇ ಜಾಗ. ಏಳು ಸೀಟಿನ ಎರ್ಟಿಗಾದಲ್ಲಿ ಏಳು ಜನ ಕೂತರೆ ಸಾಮಾನಿಗೆ ಜಾಗವೇ ಇಲ್ಲ. ನಾಲ್ಕು ಜನ, ನಾಲ್ಕು ದೊಡ್ಡ ಬ್ಯಾಗ್ ಎಂದರೆ ದೊಡ್ಡ ಗಾಡಿಯೇ ಬೇಕು, ಅದೂ ಹಿಂದಿನ ಸೀಟು ಮಡಿಸಿ. ಟ್ರಾವೆಲ್ಸ್‌ನವರಿಗಾದರೆ ಮೇಲೆ ಕ್ಯಾರಿಯರ್ ಇರುವ ಗಾಡಿ ಕಳಿಸಿ ಎನ್ನಬಹುದು, ಆ್ಯಪ್‌ಗೆ ಹೇಳುವಂತಿಲ್ಲ.

ಮದುವೆ ಓಡಾಟ, ಆಸ್ಪತ್ರೆ, ನಾಲ್ಕು ಕಡೆ ಕೆಲಸ ಇದ್ದ ದಿನ ಬಿಡಿ ಬಿಡಿಯಾಗಿ ಬುಕ್ ಮಾಡುವುದು ತಲೆನೋವು. ‘8 ಗಂಟೆ 80 ಕಿ.ಮೀ.’ ಪ್ಯಾಕೇಜ್ ಕೇಳಿ. ಇಲ್ಲಿ ನೋಡಬೇಕಾದದ್ದು ಮೂರು: ಹೆಚ್ಚುವರಿ ಗಂಟೆಗೆ ಎಷ್ಟು, ಹೆಚ್ಚುವರಿ ಕಿ.ಮೀ.ಗೆ ಎಷ್ಟು, ಲೆಕ್ಕ ಎಲ್ಲಿಂದ ಶುರು. ಬಹಳ ಟ್ರಾವೆಲ್ಸ್‌ಗಳದು ಗ್ಯಾರೇಜ್‌ನಿಂದ ಗ್ಯಾರೇಜ್‌ಗೆ. ಅವರ ಶೆಡ್ ನಿಮ್ಮ ಮನೆಯಿಂದ 10 ಕಿ.ಮೀ. ಇದ್ದರೆ 80ರಲ್ಲಿ 20 ನೀವು ಹತ್ತುವ, ಇಳಿದ ಮೇಲಿನ ಓಡಾಟಕ್ಕೇ ಹೋಯಿತು, ಜೊತೆಗೆ ಗಂಟೆಯೂ. ಮನೆ ಹತ್ತಿರದ ಟ್ರಾವೆಲ್ಸ್ ಹಿಡಿಯಲು ಇದೊಂದೇ ಕಾರಣ ಸಾಕು.

ಹೊರ ಊರಿಗೆ ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಎಂದು ಲೆಕ್ಕ ಹಿಡಿಯುತ್ತಾರೆ, ಮೇಲೆ ಚಾಲಕರ ಬಾಟಾ (ದಿನಭತ್ಯೆ), ಟೋಲ್, ಪಾರ್ಕಿಂಗ್. ಮೈಸೂರಿಗೆ ಬೆಳಿಗ್ಗೆ ಹೋಗಿ ರಾತ್ರಿ ಬರುವುದಾದರೆ 300 ಕಿ.ಮೀ. ಆಸುಪಾಸು, ಲೆಕ್ಕ ಸರಿಹೋಗುತ್ತದೆ. ಅಲ್ಲೇ ರಾತ್ರಿ ತಂಗಿದರೆ ಓಡಿದ್ದು 320 ಆದರೂ, ದಿನಕ್ಕೆ 300ರಂತೆ ಎರಡು ದಿನಕ್ಕೆ ಬಿಲ್ 600ಕ್ಕೆ. ಆಗ ಒನ್‌ವೇ ಡ್ರಾಪ್ ಎರಡು ಸಲ ಹಿಡಿಯುವುದೇ ವಾಸಿ. ಎಕ್ಸ್‌ಪ್ರೆಸ್‌ವೇಯ ಕಣಿಮಿಣಿಕೆ, ಗಣಂಗೂರು ಟೋಲ್‌ಗಳು ಮಾತಾಡಿದ ಮೊತ್ತದಲ್ಲಿ ಸೇರಿವೆಯೇ ಎಂದು ಮೊದಲೇ ಕೇಳಿ. ಅಗ್ಗ ಎಂದು ವೈಟ್ ಬೋರ್ಡ್ (ಖಾಸಗಿ ಬಳಕೆಯ) ಗಾಡಿ ಕಳಿಸಿದರೆ ಹತ್ತಬೇಡಿ: ಬಾಡಿಗೆಗೆ ಪರ್ಮಿಟ್ ಇರುವುದಿಲ್ಲ, ಅಪಘಾತವಾದರೆ ವಿಮೆ ತಕರಾರು ತೆಗೆಯುತ್ತದೆ. ಬಾಡಿಗೆ ಗಾಡಿಗೆ ಹಳದಿ ಬೋರ್ಡ್, ಎಲೆಕ್ಟ್ರಿಕ್ ಆದರೆ ಹಸಿರು ಬೋರ್ಡಿನ ಮೇಲೆ ಹಳದಿ ಅಕ್ಷರ.

ಬೈಕ್ ಟ್ಯಾಕ್ಸಿಯನ್ನು ಇಲ್ಲಿ ಸೇರಿಸಿಲ್ಲ. ಹೈಕೋರ್ಟ್ ಆದೇಶದಂತೆ 2025ರ ಜೂನ್ 16ರಿಂದ ಅದು ನಿಂತಿತು, ಆಮೇಲೂ ಕೋರ್ಟಿನ ಜಗ್ಗಾಟ ಮುಂದುವರಿಯಿತು. ನಿಯಮ ನೋಡಿಕೊಂಡೇ ಹತ್ತಿ.

ಇನ್ನು ಆ್ಯಪ್‌ನಲ್ಲಿ ಮುಂಗಡ ದುಡ್ಡು ತುಂಬಿಸಿಡುವ ವಾಲೆಟ್. ಟ್ಯಾಕ್ಸಿಫಾರ್‌ಶ್ಯೂರ್ ಎಂಬ ಕ್ಯಾಬ್ ಆ್ಯಪ್ 2016ರಲ್ಲಿ ಮುಚ್ಚಿತು, ಬ್ಲೂಸ್ಮಾರ್ಟ್ ಎಂಬ ಇನ್ನೊಂದು 2025ರ ಏಪ್ರಿಲ್‌ನಲ್ಲಿ ದಿಢೀರನೆ ಬುಕಿಂಗ್ ನಿಲ್ಲಿಸಿದಾಗ ವಾಲೆಟ್‌ನಲ್ಲಿ ದುಡ್ಡಿಟ್ಟವರು ವಾಪಸಿಗೆ ಕಾಯಬೇಕಾಯಿತು. ಕ್ಯಾಶ್‌ಬ್ಯಾಕ್ ಎಷ್ಟೇ ತೋರಿಸಲಿ, ಒಂದೆರಡು ಬಾಡಿಗೆಗೆ ಆಗುವಷ್ಟಕ್ಕಿಂತ ಹೆಚ್ಚು ಯಾವ ಆ್ಯಪ್‌ನಲ್ಲೂ ತುಂಬಿಸಬೇಡಿ. ಫೋನಿನಲ್ಲಿ ಎರಡು ಆ್ಯಪ್, ಮನೆ ಹತ್ತಿರದ ಟ್ರಾವೆಲ್ಸ್‌ನ ಒಂದು ನಂಬರ್, ಜೇಬಿನಲ್ಲಿ ಚಿಲ್ಲರೆಯಾಗಿ ಇನ್ನೂರು ರೂಪಾಯಿ ಇದ್ದರೆ ಈ ಊರಿನಲ್ಲಿ ಯಾವ ಹೊತ್ತಿಗಾದರೂ ಹೊರಡಬಹುದು.