ಝೋಂಬಿ ಬೇಟೆಗೆ ಯಾವ ವಿಡಿಯೋ ಗೇಮ್?

ಅಗ್ಗದ ಭೂತದ ಸಿನಿಮಾಗಳ ಮಜಾ ಬೇಕಿದ್ದರೆ 1993ರ ‘ಝೋಂಬೀಸ್ ಏಟ್ ಮೈ ನೇಬರ್ಸ್’. ಕೈಯಲ್ಲಿರೋದು ನೀರಿನ ಪಿಸ್ತೂಲು! ತೋಳಮಾನವ ಬಂದರೆ ಬೆಳ್ಳಿಯ ಚಮಚ-ಫೋರ್ಕು ಎಸೀಬೇಕು. ಅಷ್ಟರಲ್ಲಿ ಅತ್ತ ಬಾರ್ಬೆಕ್ಯೂ ಮಾಡ್ತಾ ನಿಂತಿದ್ದ, ನೀವು ಕಾಪಾಡಬೇಕಿದ್ದ ನೆರೆಯವ ಬಲಿ. ನಗು ಬರುತ್ತೆ, ಆದರೆ ಮುಂದಿನ ಹಂತಗಳು ಬೆವರಿಳಿಸುತ್ತವೆ. 2021ರ ಮರುಬಿಡುಗಡೆಯಲ್ಲಿ ಸೇವ್ ಮಾಡಬಹುದು. ಪಿಸಿ, ನಿಂಟೆಂಡೊದ ಗೇಮ್ ಯಂತ್ರ ಸ್ವಿಚ್ಚಲ್ಲೂ ಸಿಗುತ್ತೆ.

2010ರ ‘ಡೆಡ್ ನೇಷನ್’ ಪೂರಾ ಕತ್ತಲು, ಟಾರ್ಚ್ ಬೆಳಕು. ನಿಂತ ಕಾರಿನ ಅಲಾರಾಂ ಹೊಡ್ಕೊಂಡ್ರೆ ಝೋಂಬಿಗಳ ಹಿಂಡೇ ಅತ್ತ ಓಡುತ್ತೆ, ಆಮೇಲೆ ಕಾರು ಢಮಾರ್. ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ ಇಲ್ಲದಿದ್ದರೆ ಮರೆತುಬಿಡಿ.

ಎರಡನ್ನೂ ಇಬ್ಬರು ಒಂದೇ ಸೋಫಾದಲ್ಲಿ ಕೂತು ಆಡಬಹುದು. ಪಕ್ಕದಲ್ಲಿ ಮಕ್ಕಳಿದ್ದರೆ ಹಳೆಯದೇ ಸರಿ. ಗೆಳೆಯ ಬೇರೆ ಊರಲ್ಲಿದ್ದರೆ ಎರಡನೆಯದು, ಅದರಲ್ಲಿ ಆನ್‌ಲೈನ್ ಇದೆ. ಕತೆಯೇ ಬೇಡ, ಹತ್ತು ನಿಮಿಷ ಗುಂಡು ಹಾರಿಸಿದರೆ ಸಾಕು ಅನ್ನೋರಿಗೆ ‘ಕ್ರಿಮ್ಸನ್‌ಲ್ಯಾಂಡ್’.